ಮನೆಯ ಕರೆಂಟ್ ಬಳಕೆ ಪರಿಶೀಲಿಸಲು ಎನರ್ಜಿ ಆಡಿಟರ್ ಅವರನ್ನು ಕರೆಸಬೇಕೇ?

ಪ್ರಶ್ನೆ (ಮೈಸೂರಿನ ಸದಸ್ಯೆಯೊಬ್ಬರಿಂದ): ನಮಸ್ಕಾರ ಸರ್. ನಮ್ಮದು ಹದಿನೆಂಟು ವರ್ಷದ ಹಿಂದೆ ಕಟ್ಟಿಸಿದ ಎರಡು ಅಂತಸ್ತಿನ ಮನೆ. ಅತ್ತೆ, ಮಾವ ಸೇರಿ ಆರು ಮಂದಿ ಇದ್ದೇವೆ. ಚಳಿಗಾಲದಲ್ಲಿ 180 ಯೂನಿಟ್ ಆಸುಪಾಸಿನಲ್ಲಿರುವ ಬಳಕೆ ಮಾರ್ಚ್ ಬಂತೆಂದರೆ 240 ದಾಟುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾದ್ದರಿಂದ ಬೇಸಿಗೆಯ ಮೂರು ತಿಂಗಳು ಕೈ ಕಚ್ಚುತ್ತದೆ. ಕಳೆದ ತಿಂಗಳು ಒಂದು ಕಂಪನಿಯವರು ಉಚಿತವಾಗಿ ಎನರ್ಜಿ ಆಡಿಟ್ ಮಾಡಿಕೊಡುತ್ತೇವೆಂದು ಬಂದು, ಇಪ್ಪತ್ತು ನಿಮಿಷ ಓಡಾಡಿ, ತಾರಸಿಯ ಅಳತೆ ತೆಗೆದುಕೊಂಡು, ಸೋಲಾರ್ ಪ್ಯಾನೆಲ್‌ಗಳ ಕೊಟೇಶನ್ ಕೈಗಿಟ್ಟು ಹೋದರು. ನಿಜವಾದ ಆಡಿಟ್ ಎಂದರೆ ಇಷ್ಟೆಯೇ? ಹಣ ಕೊಟ್ಟು ಕರೆಸುವುದಾದರೆ ಯಾರನ್ನು ಕರೆಸಬೇಕು, ಅವರಿಂದ ಏನನ್ನು ಕೇಳಿ ಪಡೆಯಬೇಕು?

ಉತ್ತರ (ಎನರ್ಜಿ ಆಡಿಟರ್): ನಮಸ್ಕಾರ ಮೇಡಂ. ನಿಮ್ಮ ಮನೆಗೆ ಬಂದದ್ದು ಆಡಿಟ್ ಅಲ್ಲ, ಮಾರಾಟದ ಭೇಟಿ. ಏನನ್ನೂ ಅಳೆಯದೆ ಪರಿಹಾರವನ್ನು ಮೊದಲೇ ಬರೆದುಕೊಂಡು ಬರುವವರಿಂದ ಮನೆಯವರಿಗೆ ಆಗುವ ನಷ್ಟ ನನಗೆ ನಿಜಕ್ಕೂ ನೋವು ತರುತ್ತದೆ. ಸೋಲಾರ್ ಒಳ್ಳೆಯದೇ, ಆದರೆ ವ್ಯರ್ಥವಾಗುವ ಕರೆಂಟಿನ ಸೋರಿಕೆಯನ್ನು ನಿಲ್ಲಿಸಿದ ಮೇಲೆ ಎಷ್ಟು ದೊಡ್ಡದು ಬೇಕೆಂದು ತೀರ್ಮಾನಿಸಬೇಕೇ ಹೊರತು ಸೋರಿಕೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಅಲ್ಲ.

ಕೇಂದ್ರ ಸರ್ಕಾರದ ಬಿಇಇ (ಇಂಧನ ದಕ್ಷತಾ ಬ್ಯೂರೋ), ಅಂದರೆ 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2002ರಲ್ಲಿ ಸ್ಥಾಪನೆಯಾದ ಸಂಸ್ಥೆ, ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಎನರ್ಜಿ ಆಡಿಟರ್ ಪ್ರಮಾಣಪತ್ರ ಕೊಡುತ್ತದೆ. ಅದನ್ನು ಕೇಳಿ ನೋಡಿ. ಆದರೆ ನಮ್ಮಲ್ಲಿ ಹೆಚ್ಚಿನವರು ಕಾರ್ಖಾನೆಗಳ ಕೆಲಸ ಮಾಡುವವರಾದ್ದರಿಂದ, ಬಾಯ್ಲರ್ ಬಲ್ಲವರಿಗೆ ಮನೆಯ ಸಂಪಿನ ಮೋಟಾರು ಹೊಸದಾಗಿರಬಹುದು. ಹಿಂದೆ ಮಾಡಿದ ಒಂದು ಮನೆಯ ವರದಿಯನ್ನು, ಹೆಸರು ವಿಳಾಸ ಅಳಿಸಿಯಾದರೂ, ತೋರಿಸುವಂತೆ ಕೇಳುವುದು ನಿಮ್ಮ ಹಕ್ಕು. ಆ ವರದಿಯಲ್ಲಿ ನಾನಾದರೆ ಮೊದಲು ನೋಡುವುದು ಒಂದನ್ನೇ: ಫ್ರಿಜ್, ಫ್ಯಾನ್, ಗೀಸರ್, ಪಂಪು ಎಂದು ಒಂದೊಂದಕ್ಕೂ ಬರೆದ ಯೂನಿಟ್‌ಗಳನ್ನು ಕೂಡಿದಾಗ ಮೊತ್ತವು ಬಿಲ್ಲಿಗೆ ಹೆಚ್ಚುಕಡಿಮೆ ತಾಳೆಯಾಗುತ್ತದೆಯೇ ಎಂಬುದು. ತಾಳೆಯಾಗದಿದ್ದರೆ ಅವರು ತಂತಿಯಲ್ಲಿ ಹರಿಯುವ ಕರೆಂಟನ್ನು ತೋರಿಸುವ ಕ್ಲ್ಯಾಂಪ್ ಮೀಟರ್ ಹಿಡಿದು ಅಳೆದಿಲ್ಲ, ಉಪಕರಣಗಳ ಮೇಲಿನ ಚೀಟಿ ಓದಿ ಬರೆದಿದ್ದಾರೆ ಎಂದರ್ಥ.

ಆಡಿಟರ್ ಅವರನ್ನು ಕರೆಸುವ ಮುನ್ನ ನೀವೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ 3200 ಇಂಪಲ್ಸ್ ಎಂದು ಬರೆದಿದ್ದರೆ, ಅಲ್ಲಿರುವ ಸಣ್ಣ ಕೆಂಪು ದೀಪ ಒಂದು ಯೂನಿಟ್ ಉರಿಯುವಷ್ಟರಲ್ಲಿ 3200 ಸಲ ಮಿನುಗುತ್ತದೆ. ರಾತ್ರಿ ದೀಪ, ಫ್ಯಾನ್ ಎಲ್ಲವನ್ನೂ ಆರಿಸಿ, ಫ್ರಿಜ್ಜನ್ನೂ ಐದು ನಿಮಿಷ ನಿಲ್ಲಿಸಿ, ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಎಷ್ಟು ಸೆಕೆಂಡ್ ಎಂದು ಎಣಿಸಿ, 1125ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಮನೆ ಸುಮ್ಮನಿದ್ದಾಗಲೂ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆಯಿದ್ದರೆ 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು 1125ರ ಬದಲು ಬಳಸಿ. ಉತ್ತರವನ್ನು ಇಲ್ಲಿಯೇ ಬರೆಯಿರಿ.

ಅದೇ ಸದಸ್ಯೆ, ಎರಡು ದಿನಗಳ ನಂತರ: ಸರ್, ಮೀಟರಿನಲ್ಲಿ 3200 ಎಂದೇ ಇದೆ. ನಾನು ಎಣಿಸುತ್ತ ನಿಂತೆ, ಮಗ ಗಡಿಯಾರ ಹಿಡಿದ. ಎಲ್ಲವನ್ನೂ ಆರಿಸಿದ ಮೇಲೂ ಪ್ರತಿ 15 ಸೆಕೆಂಡಿಗೆ ಒಮ್ಮೆ ದೀಪ ಮಿನುಗುತ್ತಿತ್ತು. ಯುಪಿಎಸ್‌ನ ಪ್ಲಗ್ ತೆಗೆದ ಕೂಡಲೇ ಅದು 45 ಸೆಕೆಂಡಿಗೆ ಹೋಯಿತು. ಬ್ಯಾಟರಿಗೆ ಏಳು ವರ್ಷವಾಗಿದೆ.

ಉತ್ತರ: ಬಹಳ ಅಚ್ಚುಕಟ್ಟಾಗಿ ಮಾಡಿದ್ದೀರಿ. 15 ಸೆಕೆಂಡ್ ಎಂದರೆ 75 ವ್ಯಾಟ್. ಹಗಲು ರಾತ್ರಿ ಅಷ್ಟೇ ಹರಿದರೆ ತಿಂಗಳಿಗೆ 54 ಯೂನಿಟ್. ಅದರಲ್ಲಿ 50 ವ್ಯಾಟ್, ಅಂದರೆ 36 ಯೂನಿಟ್, ಯುಪಿಎಸ್ ಒಂದರದೇ. ಆ ದಿನ ಕರೆಂಟ್ ಹೋಗಿ ಬಂದಿದ್ದರೆ ಬ್ಯಾಟರಿ ಚಾರ್ಜ್ ಆಗುತ್ತಿದ್ದಿರಬಹುದು, ಆದ್ದರಿಂದ ಕರೆಂಟ್ ಹೋಗದ ದಿನ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ಬ್ಯಾಟರಿ ಸವೆದು, ತುಂಬಿದ ಮೇಲೂ ಕರೆಂಟ್ ಎಳೆಯುತ್ತಲೇ ಇದೆ ಎಂದರ್ಥ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿಸಿ, ಬದಲಿಸುವ ಯೋಚನೆ ಮಾಡಿ. ಉಳಿದ 25 ವ್ಯಾಟ್ ಬಹುಶಃ ಸೆಟ್‌ಟಾಪ್ ಬಾಕ್ಸ್ ಮತ್ತು ವೈಫೈ ರೂಟರಿನದು.

ಇನ್ನೊಂದು ಕಡೆ ಕಣ್ಣಿಡಿ. ನಾನು ನೋಡಿದ ಒಂದು ಮನೆಯಲ್ಲಿ ಫ್ಲಶ್ ಟ್ಯಾಂಕಿನ ವಾಷರ್ ಸವೆದು, ಕಮೋಡಿನ ಹಿಂಗೋಡೆಯ ಮೇಲೆ ನೂಲಿನಂತೆ ನೀರು ಇಡೀ ರಾತ್ರಿ ಇಳಿಯುತ್ತಿತ್ತು. ಯಾರಿಗೂ ಸದ್ದು ಕೇಳಿಸಿರಲಿಲ್ಲ. ಅದಕ್ಕಾಗಿ ಒಂದು ಅಶ್ವಶಕ್ತಿಯ ಮೋಟಾರು ದಿನಕ್ಕೆ ಒಂದು ಗಂಟೆ ಹೆಚ್ಚು ಓಡುತ್ತಿತ್ತು. ಅಂಥ ಮೋಟಾರು ಸುಮಾರು 1.1 ಕಿಲೋವ್ಯಾಟ್ ಎಳೆಯುತ್ತದೆಂದು ಹಿಡಿದರೆ ತಿಂಗಳಿಗೆ 33 ಯೂನಿಟ್ ಆಯಿತು.

ಬೇಸಿಗೆಯ ಏರಿಕೆಗೆ ಫ್ಯಾನುಗಳೇ ಕಾರಣವಾಗಿದ್ದರೆ, ಹಳೆಯ 75 ವ್ಯಾಟ್ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ) ಫ್ಯಾನ್ ಹಾಕಿಸಿದರೆ, ದಿನಕ್ಕೆ 12 ಗಂಟೆ ತಿರುಗುವ ಒಂದೊಂದಕ್ಕೂ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಹೆಚ್ಚು ತಿರುಗುವ ಎರಡು ಫ್ಯಾನುಗಳನ್ನು ಮಾತ್ರ ಬದಲಿಸಿ.

ಮತ್ತೊಬ್ಬ ಸದಸ್ಯರು: ನಮ್ಮ ಮನೆಯ ಮೇಲಂತಸ್ತಿನಲ್ಲಿ ರಾತ್ರಿ ಹತ್ತಾದರೂ ಧಗೆ ಇಳಿಯುವುದಿಲ್ಲ. ಇದಕ್ಕೂ ಆಡಿಟರ್ ಬೇಕೇ? ವಿದೇಶದಲ್ಲಿರುವ ತಮ್ಮ, ಬಾಗಿಲಿಗೆ ಫ್ಯಾನ್ ಕಟ್ಟಿ ಗಾಳಿಯ ಸೋರಿಕೆ ಅಳೆಯುತ್ತಾರೆ ಎಂದ.

ಉತ್ತರ: ಅದು ಕಿಟಕಿ ಮುಚ್ಚಿ ಮನೆಯನ್ನು ಬೆಚ್ಚಗಿಡುವ ಚಳಿದೇಶಗಳ ಪರೀಕ್ಷೆ, ವರ್ಷದ ಬಹುಪಾಲು ಕಿಟಕಿ ತೆರೆದಿಡುವ ನಮಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನಮ್ಮ ತೊಂದರೆ ತಲೆಯ ಮೇಲಿನ ಆರ್‌ಸಿಸಿ ಚಾವಣಿ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆಯು ಚಾವಣಿಯ ಮೂಲಕ ಹಾಯುವ ಶಾಖಕ್ಕೆ, ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, 1.2 ವ್ಯಾಟ್ ಮಿತಿ ಇಟ್ಟಿದೆ. ಬರೀ ಕಾಂಕ್ರೀಟಿನ ಚಾವಣಿ ಅದರ ಎರಡು ಪಟ್ಟನ್ನೂ ಮೀರುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ಆ ಶಾಖವನ್ನು ರಾತ್ರಿ ಕೋಣೆಯೊಳಕ್ಕೆ ಬಿಡುವುದರಿಂದಲೇ ನಿಮಗೆ ಹತ್ತು ಗಂಟೆಗೂ ಧಗೆ. ತಾರಸಿಗೆ ಸುಣ್ಣವನ್ನೋ ಬಿಳಿಯ ಕೂಲ್ ರೂಫ್ ಬಣ್ಣವನ್ನೋ ಬಳಿಸಲು ಆಡಿಟರ್ ಬೇಕಿಲ್ಲ. ಎಸಿ ಹಾಕಿಸುವ ಆಲೋಚನೆಯಿದ್ದರೆ ಮಾತ್ರ, ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರಕ್ಕೆ ಮತ್ತು ಅದೇ ರಾತ್ರಿ ಹತ್ತಕ್ಕೆ ಬಂದು, ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾದಲ್ಲಿ ಚಾವಣಿ ನೋಡಲು ಒಪ್ಪುವವರನ್ನು ಕರೆಸಿ.

ಮೈಸೂರಿನ ಸದಸ್ಯೆ: ಹಾಗಾದರೆ ನಾನು ಈಗ ಹಣ ಕೊಟ್ಟು ಕರೆಸಲೇ, ಬೇಡವೇ?

ಉತ್ತರ: ಸದ್ಯಕ್ಕೆ ಬೇಡ ಮೇಡಂ. ಬ್ಯಾಟರಿಯನ್ನೂ ಎರಡು ಫ್ಯಾನುಗಳನ್ನೂ ಸರಿಪಡಿಸಿಕೊಂಡು ಎರಡು ಬಿಲ್ಲು ನೋಡಿ. ಯುಪಿಎಸ್‌ನ 36 ಮತ್ತು ಎರಡು ಫ್ಯಾನುಗಳ 32 ಸೇರಿದರೆ ಹೆಚ್ಚೆಂದರೆ 68 ಯೂನಿಟ್ ಉಳಿತಾಯ, ಆದ್ದರಿಂದ 240 ಇದ್ದದ್ದು 200ರ ಒಳಗೆ ಬರಬೇಕು. ಆದರೆ ಉಚಿತದ ಮಿತಿ ಎಲ್ಲರಿಗೂ 200 ಅಲ್ಲ, 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು, ಅದು ಎಷ್ಟೆಂದು ಬಿಲ್ಲಿನಲ್ಲಿ ನೋಡಿಕೊಳ್ಳಿ. ಇಷ್ಟು ಮಾಡಿದ ಮೇಲೂ ಬಳಕೆ ಇಳಿಯದಿದ್ದರೆ ಹನ್ನೆರಡು ತಿಂಗಳ ಬಿಲ್ಲುಗಳನ್ನು ಜೋಡಿಸಿಟ್ಟುಕೊಂಡು, ಏನನ್ನೂ ಮಾರದ ಆಡಿಟರ್ ಒಬ್ಬರನ್ನು ಕರೆಸಿ.