ಊರಲ್ಲಿರೋ ಅಮ್ಮನ ಫೋನಿಗೆ ಯುಪಿಐ ಹಾಕಿಕೊಡಬೇಕು: ಯಾವ ಆಪ್, ಯಾವ ಖಾತೆ, ಏನೇನು ಬಂದ್ ಮಾಡಬೇಕು?

ತುಂಗಾತೀರ ಕೇಳಿದ್ದು:

ಅಮ್ಮನಿಗೆ 64 ವರ್ಷ, ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿದ್ದಾರೆ. ಆಂಡ್ರಾಯ್ಡ್ ಫೋನ್, ಎರಡು ಸಿಮ್. ವಾಟ್ಸಾಪ್, ಯೂಟ್ಯೂಬ್ ಸಲೀಸಾಗಿ ಬಳಸುತ್ತಾರೆ. ಈಗ ಕಿರಾಣಿ, ಮೆಡಿಕಲ್, ಮೆಸ್ಕಾಂ ಬಿಲ್ಲು, ರೀಚಾರ್ಜ್ ಇಷ್ಟಕ್ಕೆ ಯುಪಿಐ ಬೇಕು ಅಂತಿದ್ದಾರೆ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಅಲ್ಲಿ ಬೇಡ.

ಹಳೇ ಸಿಂಡಿಕೇಟ್ ಬ್ಯಾಂಕಿನ ಖಾತೆ ಇದೆ, ಉಳಿತಾಯವೆಲ್ಲ ಅದರಲ್ಲೇ, ಎಫ್‌ಡಿಯೂ ಅಲ್ಲೇ. ಎಟಿಎಂ ಕಾರ್ಡಿನ ಅವಧಿ ಮುಗಿದಿದೆ. ಗ್ರಾಮೀಣ ಬ್ಯಾಂಕಿನಲ್ಲಿ ಇನ್ನೊಂದು ಖಾತೆ, ಅದರಲ್ಲಿ ಹೆಚ್ಚೇನಿಲ್ಲ. ಮನೆಯೊಳಗೆ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಪುಣ್ಯ.

ಕೇಳಬೇಕಾದ್ದು: ಯಾವ ಆಪ್ ಒಳ್ಳೇದು? ಕಾರ್ಡಿಲ್ಲದೆ ಪಿನ್ ಹಾಕಬಹುದಾ? ಯಾರಾದರೂ ಮೋಸ ಮಾಡಿದರೂ ದೊಡ್ಡ ಮೊತ್ತ ಹೋಗದ ಹಾಗೆ ಮಾಡೋದು ಹೇಗೆ? ದುಡ್ಡು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು? ನಾನು ಬೆಂಗಳೂರಿನಲ್ಲಿದ್ದೇನೆ, ಹಬ್ಬಕ್ಕೆ ಊರಿಗೆ ಹೋದಾಗ ಮಾಡಿಕೊಟ್ಟು ಬರಬೇಕು.

ಲೆಕ್ಕಪತ್ರ ಉತ್ತರಿಸಿದ್ದು:

ಆಪ್ ಯಾವುದು ಅನ್ನೋದು ಕೊನೆಯ ಪ್ರಶ್ನೆ. ಫೋನ್‌ಪೇ, ಗೂಗಲ್ ಪೇ, ಪೇಟಿಎಂ, ಭೀಮ್ ನಾಲ್ಕರಲ್ಲೂ ಕನ್ನಡ ಇದೆ, ನಾಲ್ಕೂ ಓಡೋದು ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ ಹಾಕಿದ ಒಂದೇ ಹಳಿಯ ಮೇಲೆ. ಸಾಲ, ವಿಮೆ, ಚಿನ್ನದ ಜಾಹೀರಾತು ಭೀಮ್‌ನಲ್ಲಿ ಕಡಿಮೆ, ಹಿರಿಯರಿಗೆ ಅದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಯಾವುದನ್ನೇ ಹಾಕಿ, ಒಂದನ್ನೇ ಹಾಕಿ.

ಮೊದಲು ತೀರ್ಮಾನ ಆಗಬೇಕಾದ್ದು ಆಪ್ ಹಿಂದೆ ಯಾವ ಖಾತೆ ಇರಬೇಕು ಅನ್ನೋದು. ಉಳಿತಾಯದ ಖಾತೆಯನ್ನು ಜೋಡಿಸಲೇಬೇಡಿ. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿವರೆಗೆ ಕಳಿಸಬಹುದು, ಪಿನ್ ಕೈತಪ್ಪಿದರೆ ಅಷ್ಟೂ ಹೋಗುತ್ತದೆ. ಆ ಖಾತೆಗೆ ಆಟೋ ಸ್ವೀಪ್ (ಹಣ ಸಾಲದಾದಾಗ ಎಫ್‌ಡಿಯಿಂದ ತಾನಾಗಿಯೇ ತುಂಬಿಕೊಳ್ಳೋ ಸೌಲಭ್ಯ) ಇದ್ದರೆ ಎಫ್‌ಡಿಯೂ ಒಡೆಯುತ್ತದೆ. ಗ್ರಾಮೀಣ ಬ್ಯಾಂಕಿನ ಖಾತೆಯನ್ನು ಜೋಡಿಸಿ, ಅದರಲ್ಲಿ ಮೂರ್ನಾಲ್ಕು ಸಾವಿರ ಇರೋ ಹಾಗೆ ನೀವೇ ತಿಂಗಳಿಗೊಮ್ಮೆ ಹಾಕುತ್ತಿರಿ. ಹೋದರೆ ಹೋಗೋದು ಅಷ್ಟೇ. ಇದಕ್ಕಿಂತ ಗಟ್ಟಿ ಬೀಗ ಯಾವ ಆಪ್‌ನಲ್ಲೂ ಇಲ್ಲ.

ಒಂದು ವಿಷಯ ಗಮನದಲ್ಲಿರಲಿ. ಕರ್ನಾಟಕ ಗ್ರಾಮೀಣ ಬ್ಯಾಂಕ್, ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಎರಡೂ 2025ರ ಮೇ 1ರಿಂದ ಒಂದಾಗಿವೆ. ಪಟ್ಟಿಯಲ್ಲಿ ಹಳೇ ಹೆಸರು ಹುಡುಕುತ್ತಾ ಕೂರಬೇಡಿ. ಹಾಗೆಯೇ ಸಿಂಡಿಕೇಟ್ 2020ರ ಏಪ್ರಿಲ್‌ನಲ್ಲಿ ಕೆನರಾಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲೇ ಬರೋಡಾಗೆ. ಇನ್ನು ಸೊಸೈಟಿ ಖಾತೆಗಳಲ್ಲಿ ಎಲ್ಲವೂ ಯುಪಿಐನಲ್ಲಿ ಸಿಗೋದಿಲ್ಲ.

ಕಾರ್ಡಿಲ್ಲದಿದ್ದರೂ ಪಿನ್ ಹಾಕಬಹುದು. ಖಾತೆ ಸೇರಿಸುವಾಗ "ಡೆಬಿಟ್ ಕಾರ್ಡ್" ಬದಲು "ಆಧಾರ್" ಆರಿಸಿ. ಆಧಾರ್ ಸಂಖ್ಯೆಯ ಕೆಲವು ಅಂಕಿ ಹಾಕಿದ ಮೇಲೆ ಆಧಾರ್‌ನಿಂದ ಒಂದು, ಬ್ಯಾಂಕಿನಿಂದ ಒಂದು ಒಟಿಪಿ ಬರುತ್ತದೆ. ಬ್ಯಾಂಕಿನಲ್ಲೂ ಆಧಾರ್‌ನಲ್ಲೂ ಒಂದೇ ಮೊಬೈಲ್ ನಂಬರ್ ಇದ್ದರೆ ಮಾತ್ರ ಇದು ನಡೆಯೋದು. ಬೇರೆ ಬೇರೆ ಇದ್ದರೆ ಊರಿಗೆ ಹೋದ ಮೊದಲ ದಿನವೇ ಬ್ಯಾಂಕಿಗೆ ಹೋಗಿ ಸರಿಮಾಡಿಸಿ.

ನೋಂದಣಿ ಕೆಡೋದು ಸಾಮಾನ್ಯವಾಗಿ ಎಸ್‌ಎಂಎಸ್ ಹಂತದಲ್ಲಿ. ಆಪ್ ನಿಮ್ಮ ಫೋನಿನಿಂದಲೇ ಒಂದು ಸಂಕೇತದ ಮೆಸೇಜನ್ನು ತಾನೇ ಕಳಿಸುತ್ತದೆ, ಈ ಸಿಮ್ ಈ ಫೋನಿನಲ್ಲೇ ಇದೆ ಅಂತ ಖಚಿತವಾಗೋದು ಅದರಿಂದ. ಅದು ಹೋಗದಿದ್ದರೆ "ವೆರಿಫಿಕೇಶನ್ ಫೇಲ್ಡ್" ಅಂತ ಬರುತ್ತದೆ. ಇವನ್ನು ನೋಡಿ:

- ಬ್ಯಾಂಕಿಗೆ ಕೊಟ್ಟ ಸಿಮ್ಮನ್ನೇ ಆರಿಸಿದ್ದೀರಾ? ಎರಡು ಸಿಮ್ ಇದ್ದಾಗ ಆಗೋ ತಪ್ಪು ಇದೇ.
- ರೀಚಾರ್ಜ್ ಅವಧಿ ಮುಗಿದಿದೆಯಾ? ಒಳಬರುವ ಕರೆ ಇನ್ನೂ ಬರುತ್ತಿರಬಹುದು, ಹೊರಹೋಗುವ ಎಸ್‌ಎಂಎಸ್ ನಿಂತಿರುತ್ತದೆ.
- ಪ್ಲಾನಿನಲ್ಲಿ ಎಸ್‌ಎಂಎಸ್ ಇದೆಯಾ? ಕಡಿಮೆ ಬೆಲೆಯ ಕೆಲವು ಪ್ಲಾನುಗಳಲ್ಲಿ ಇರೋದಿಲ್ಲ.
- ಮನೆಯ ವೈಫೈ ನಂಬಿ ಕೂರಬೇಡಿ. ಈ ಮೆಸೇಜ್ ಸಿಮ್ ಸಿಗ್ನಲ್‌ನಲ್ಲೇ ಹೋಗಬೇಕು. ಅಂಗಳಕ್ಕೋ ರಸ್ತೆಗೋ ಬಂದು ಮಾಡಿ.

ಹೊಸದಾಗಿ ಸೇರಿದವರಿಗೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ಅದು ದೋಷವಲ್ಲ. ಹೊರಡೋ ದಿನ ಹಾಕಿಕೊಡಬೇಡಿ, ಹೋದ ದಿನ ಹಾಕಿ. ಎರಡು ಮೂರು ದಿನ ನಿಮ್ಮೆದುರಿಗೇ ಅಂಗಡಿಯಲ್ಲಿ ಅವರೇ ಕೊಡಲಿ.

ಸಿಗ್ನಲ್‌ಕಡ್ಡಿ ಉತ್ತರಿಸಿದ್ದು:

ಮೇಲಿನದಕ್ಕೆ ಸೇರಿಸೋದು: ಯುಪಿಐ ಲೈಟ್ ಆನ್ ಮಾಡಿಕೊಡಿ. ಆಪ್‌ನಲ್ಲೇ ಒಂದು ಚಿಕ್ಕ ಪರ್ಸ್ ಇದು. ಖಾತೆಯಿಂದ ತುಂಬಿಸುವಾಗ ಮಾತ್ರ ಪಿನ್, ಖರ್ಚು ಮಾಡುವಾಗ ಪಿನ್ ಬೇಡ. ಶುರುವಾದಾಗ ಒಟ್ಟು 2,000, ಒಂದು ಸಲಕ್ಕೆ 200 ರೂಪಾಯಿಯ ಮಿತಿ ಇತ್ತು. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಅದನ್ನು 5,000 ಮತ್ತು 1,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಹಾಲು, ತರಕಾರಿ, ಮಾತ್ರೆ ಇವಕ್ಕೆ ಇದೇ ಸಾಕು.

ಲಾಭ ಏನಪ್ಪಾ ಅಂದರೆ, ಪ್ರತಿ ಸಲ ಬ್ಯಾಂಕಿನ ಸರ್ವರ್‌ವರೆಗೆ ಹೋಗಿ ಖಾತೆಯಿಂದ ಕಡಿತವಾಗಿ ಬರೋ ಕೆಲಸ ತಪ್ಪುತ್ತದೆ, ಹಾಗಾಗಿ ಅರ್ಧದಲ್ಲಿ ನಿಲ್ಲೋದು ಕಡಿಮೆ. ಪಾಸ್‌ಬುಕ್ಕಿನಲ್ಲಿ 20 ರೂಪಾಯಿ, 35 ರೂಪಾಯಿಯ ಸಾಲುಗಳೂ ತುಂಬೋದಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಪಿನ್ ಒತ್ತೋದೂ ತಪ್ಪಿತು. ಆದರೆ ಇಂಟರ್‌ನೆಟ್ಟೇ ಬೇಡ ಅಂತಲ್ಲ, ಸಾಮಾನ್ಯ ಲೈಟ್‌ಗೂ ಡೇಟಾ ಬೇಕು. ಪಿನ್ ಇಲ್ಲದ ಕಾರಣ ಫೋನಿಗೆ ಬೆರಳಚ್ಚಿನ ಲಾಕ್ ಹಾಕಲೇಬೇಕು. ಇನ್ನೊಂದು, ಲೈಟ್ ಮೊತ್ತ ಆ ಫೋನಿಗೇ ಅಂಟಿಕೊಂಡಿರುತ್ತದೆ. ಫೋನ್ ಬದಲಿಸೋ ಮುಂಚೆ, ರೀಸೆಟ್ ಮಾಡೋ ಮುಂಚೆ ಅದನ್ನು ಖಾತೆಗೆ ವಾಪಸ್ ಹಾಕಿಕೊಳ್ಳಿ.

ಡೇಟಾ ಪೂರ್ತಿ ಸತ್ತಾಗ ಇಂಟರ್‌ನೆಟ್ ಇಲ್ಲದೆ ಯುಪಿಐ ಮಾಡೋಕೆ *99# ಇದೆ. ಬ್ಯಾಂಕಿಗೆ ಕೊಟ್ಟ ಸಿಮ್‌ನಿಂದಲೇ ಒತ್ತಬೇಕು, ಒಂದು ಸಲಕ್ಕೆ ಮಿತಿ 5,000. ಮೆನುವಿನಲ್ಲಿ ಅಂಕಿ ಒತ್ತುತ್ತಾ ಹೋಗೋದು ನಿಧಾನ, ಮಧ್ಯೆ ಸಮಯ ಮೀರಿ ಕಡಿದು ಹೋಗುತ್ತದೆ. ದಿನಬಳಕೆಗೆ ಅಲ್ಲ, ತುರ್ತಿಗೆ ಅಂತ ಕಲಿಸಿಡಿ.

"ಪೆಂಡಿಂಗ್" ಅಂತ ಬಂದಾಗ ಮಾಡಬಾರದ್ದು ಒಂದೇ: ತಕ್ಷಣ ಇನ್ನೊಂದು ಸಲ ಕಳಿಸೋದು. ಎರಡೂ ಹೋಗಿಬಿಡುತ್ತವೆ. ಆಪ್‌ನ ಹಿಸ್ಟರಿಯಲ್ಲಿ ಆ ವಹಿವಾಟನ್ನು ತೆರೆದರೆ 12 ಅಂಕಿಯ ಯುಟಿಆರ್ ಸಂಖ್ಯೆ (ಆ ವಹಿವಾಟಿನ ಗುರುತು) ಸಿಗುತ್ತದೆ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಖಾತೆಯಿಂದ ಕಡಿತವಾಗಿ ಆ ಕಡೆಯ ವ್ಯಕ್ತಿಗೆ ಸೇರದಿದ್ದರೆ ಮಾರನೇ ದಿನದೊಳಗೆ ತಾನಾಗಿಯೇ ವಾಪಸಾಗಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನ. ಅದಕ್ಕೂ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಇದನ್ನು ಕೇಳಿ ಪಡೆಯೋದು ನಿಮ್ಮ ಹಕ್ಕು. ಮೊದಲು ಆಪ್‌ನಲ್ಲೇ ದೂರು, ಆಮೇಲೆ ಬ್ಯಾಂಕಿಗೆ ಲಿಖಿತವಾಗಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ.

ಗೂಗಲ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಅಂತ ಮಾತ್ರ ಹುಡುಕಬೇಡಿ. ಸಿಗೋ ನಂಬರುಗಳಲ್ಲಿ ಕಳ್ಳರದ್ದೂ ಇರುತ್ತವೆ. ಪಾಸ್‌ಬುಕ್ಕಿನ ಹಿಂದೆ ಇರೋ ನಂಬರ್, ಇಲ್ಲವೇ ಆಪ್‌ನೊಳಗಿನ ಸಹಾಯ ವಿಭಾಗ, ಅಷ್ಟೇ.

ಹೆಬ್ರಿಘಟ್ಟ ಉತ್ತರಿಸಿದ್ದು:

ಇಷ್ಟೆಲ್ಲ ಯಾಕೆ, ಯುಪಿಐ ಸರ್ಕಲ್ ಬಳಸಿ. 2024ರಲ್ಲಿ ಬಂದದ್ದು. ಖಾತೆ ನಿಮ್ಮದು, ಅಮ್ಮ ಎರಡನೇ ಬಳಕೆದಾರರು. ಎರಡು ಬಗೆ ಇದೆ. ಭಾಗಶಃ ಅಧಿಕಾರ ಕೊಟ್ಟರೆ ಅಮ್ಮ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ, ನೀವು ಪಿನ್ ಹಾಕಿದರೆ ಮಾತ್ರ ಹಣ ಹೋಗೋದು. ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿಯೊಳಗೆ ಅವರೇ ಕೊಡಬಹುದು, ಮಾಸಿಕ ಮಿತಿಯನ್ನು ನೀವು ಇನ್ನೂ ಕಡಿಮೆ ಇಡಬಹುದು.

ಸೇರಿಸೋ ಮುಂಚೆ ಅಮ್ಮನ ನಂಬರ್ ನಿಮ್ಮ ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಆಗಿರಬೇಕು, ಅಲ್ಲೇ ಟೈಪ್ ಮಾಡಿ ಸೇರಿಸಲು ಬರೋದಿಲ್ಲ. ಆಪ್‌ನಲ್ಲಿ ಯುಪಿಐ ಸರ್ಕಲ್ ತೆರೆದು ಅವರ ಯುಪಿಐ ಕ್ಯೂಆರ್ ಸ್ಕ್ಯಾನ್ ಮಾಡಿ, ಅಧಿಕಾರದ ಬಗೆ ಆರಿಸಿ, ಅವರ ಫೋನಿನಲ್ಲಿ ಒಪ್ಪಿಗೆ ಒತ್ತಿಸಿ. ಒಬ್ಬರು ಐದು ಜನರನ್ನು ಸೇರಿಸಿಕೊಳ್ಳಬಹುದು, ಆದರೆ ಎರಡನೇ ಬಳಕೆದಾರರು ಒಬ್ಬರ ಸರ್ಕಲ್‌ಗೆ ಮಾತ್ರ ಸೇರಬಹುದು. ಅಣ್ಣ ತಮ್ಮ ಇಬ್ಬರೂ ಸೇರಿಸಲು ಹೋದರೆ ಆಗೋದಿಲ್ಲ. ನಿಮ್ಮ ಆಪ್‌ನಲ್ಲಿ ಪೂರ್ಣ ಅಧಿಕಾರದ ಆಯ್ಕೆ ಕಾಣದಿದ್ದರೆ ಭೀಮ್‌ನಲ್ಲಿ ನೋಡಿ.

ಲೆಕ್ಕಪತ್ರ:

ಹೆಬ್ರಿಘಟ್ಟ ಅವರೇ, ಸರ್ಕಲ್ ಒಳ್ಳೆಯ ವ್ಯವಸ್ಥೆ, ಖಾತೆಯೇ ಇಲ್ಲದವರಿಗೆ ಅದೇ ಸರಿ. ಈ ಪ್ರಶ್ನೆಗೆ ಭಾಗಶಃ ಅಧಿಕಾರ ಹೊಂದೋದಿಲ್ಲ. ಮಗ ಮೀಟಿಂಗ್‌ನಲ್ಲಿದ್ದರೆ ಅಮ್ಮ ಮೆಡಿಕಲ್ ಶಾಪಿನ ಮುಂದೆ ಕಾಯುತ್ತಾ ನಿಲ್ಲಬೇಕು, ಅಷ್ಟರಲ್ಲಿ ಕೋರಿಕೆಯ ಸಮಯವೂ ಮೀರುತ್ತದೆ. ಪ್ರತಿ ಖರ್ಚಿಗೂ ಮಗನ ಒಪ್ಪಿಗೆ ಬೇಕು ಅಂತಾದರೆ ನಾಲ್ಕು ದಿನದಲ್ಲಿ ಆಪ್ ಬಿಟ್ಟು ನೋಟಿಗೆ ಮರಳುತ್ತಾರೆ. ಅವರದ್ದೇ ದುಡ್ಡು, ಅವರದ್ದೇ ಖಾತೆ, ಅವರದ್ದೇ ಪಿನ್ ಇರಲಿ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಗ್ರಾಮೀಣ ಬ್ಯಾಂಕ್ ಮತ್ತು ಲೈಟ್ ಅಂತ ತೀರ್ಮಾನ. ಎರಡು ಸಂದೇಹ ಉಳಿದಿವೆ. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಮದುವೆ ಕರೆಯೋಲೆ, ಪಿಎಂ ಕಿಸಾನ್, ಚಲನ್ ಅಂತ ಫೈಲುಗಳು ಬರುತ್ತವೆ, ಅಮ್ಮ ಎಲ್ಲವನ್ನೂ ಒತ್ತುತ್ತಾರೆ. ಅದನ್ನು ತಡೆಯೋದು ಹೇಗೆ? ಮತ್ತೆ, ಗೃಹಲಕ್ಷ್ಮಿ ದುಡ್ಡು ಬಂದಿದೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ, ಆದರೆ ಗ್ರಾಮೀಣ ಬ್ಯಾಂಕಿನ ಖಾತೆಯಲ್ಲಿ ಕಾಣುತ್ತಿಲ್ಲ.

ಬೀಗದಕೈ ಉತ್ತರಿಸಿದ್ದು:

ಆ ಫೈಲಿನ ಹೆಸರಿನ ಕೊನೆ ನೋಡಿ. ".ಎಪಿಕೆ" (.apk) ಅಂತಿದ್ದರೆ ಅದು ಕರೆಯೋಲೆ ಅಲ್ಲ, ಆಪ್. ಇನ್‌ಸ್ಟಾಲ್ ಆದರೆ ಎಸ್‌ಎಂಎಸ್ ಓದೋ ಅನುಮತಿ ಕೇಳುತ್ತದೆ, ಕೊಟ್ಟರೆ ಒಟಿಪಿಗಳೆಲ್ಲ ಕಳ್ಳರ ಕೈಗೆ. "ಒತ್ತಬೇಡ" ಅಂತ ಬುದ್ಧಿ ಹೇಳೋದಕ್ಕಿಂತ ಫೋನಿನಲ್ಲೇ ದಾರಿ ಮುಚ್ಚಿ:

ಸೆಟ್ಟಿಂಗ್ಸ್, ಆಪ್ಸ್, ಸ್ಪೆಷಲ್ ಆಪ್ ಆಕ್ಸೆಸ್, ಇನ್‌ಸ್ಟಾಲ್ ಅನ್‌ನೋನ್ ಆಪ್ಸ್. ಈ ಪಟ್ಟಿಯಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದಕ್ಕೂ ಆಫ್ ಇರಬೇಕು. ಕೆಲವು ಫೋನುಗಳಲ್ಲಿ ಇದು ಪ್ರೈವೆಸಿ ಅಥವಾ ಸೆಕ್ಯುರಿಟಿ ಅಡಿಯಲ್ಲಿರುತ್ತದೆ, ಮೇಲಿನ ಹುಡುಕಾಟದ ಪಟ್ಟಿಯಲ್ಲಿ ಟೈಪ್ ಮಾಡಿದರೆ ಸಿಗುತ್ತದೆ. ಪ್ಲೇ ಸ್ಟೋರ್ ತೆರೆದು ಪ್ಲೇ ಪ್ರೊಟೆಕ್ಟ್ ಆನ್ ಇದೆಯಾ ನೋಡಿ. ವಾಟ್ಸಾಪ್‌ನಲ್ಲಿ ಪ್ರೈವೆಸಿ, ಕಾಲ್ಸ್‌ಗೆ ಹೋಗಿ ಅಪರಿಚಿತ ಕರೆಗಳನ್ನು ಮೌನ ಮಾಡಿ, ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ಪೊಲೀಸ್ ವೇಷದಲ್ಲಿ "ಡಿಜಿಟಲ್ ಅರೆಸ್ಟ್" ಅಂತ ಬರೋ ವಿಡಿಯೋ ಕರೆಗಳೂ ಇದರಿಂದ ಬಹುಮಟ್ಟಿಗೆ ತಪ್ಪುತ್ತವೆ. ಎನಿಡೆಸ್ಕ್‌ನಂಥ ಸ್ಕ್ರೀನ್ ಹಂಚುವ ಆಪ್ ಇದ್ದರೆ ತೆಗೆದುಹಾಕಿ.

ಯಾರೋ ಹೇಳಿದರು ಅಂತ *401ರಿಂದ ಶುರುವಾಗೋ ಸಂಖ್ಯೆ ಒತ್ತಿದರೆ ಕರೆಗಳೆಲ್ಲ ಬೇರೆ ನಂಬರಿಗೆ ತಿರುಗಬಹುದು. ಅನುಮಾನ ಇದ್ದರೆ ##002# ಒತ್ತಿ, ತಿರುಗಿಸಿದ ಕರೆಗಳೆಲ್ಲ ರದ್ದಾಗುತ್ತವೆ.

ಆಟೋಪೇ, ಅಂದರೆ ಒಮ್ಮೆ ಒಪ್ಪಿದರೆ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತಾ ಹೋಗೋದು, ಅದನ್ನು ಯಾರೂ ಹೇಳಲಿಲ್ಲ, ನನ್ನ ಪ್ರಕಾರ ಹಿರಿಯರ ಖಾತೆಯಿಂದ ಸದ್ದಿಲ್ಲದೆ ದುಡ್ಡು ಸೋರೋದು ಅಲ್ಲೇ. 1 ರೂಪಾಯಿಗೆ ಟ್ರಯಲ್ ಅಂತ ಜಾಹೀರಾತು ಬರುತ್ತದೆ, ಪಿನ್ ಒತ್ತುತ್ತಾರೆ, ಆಮೇಲೆ ತಿಂಗಳು ತಿಂಗಳು ನೂರಾರು ರೂಪಾಯಿ. ಆ ಆಪ್ ಅಳಿಸಿದರೆ ಕಡಿತ ನಿಲ್ಲೋದಿಲ್ಲ. ಯುಪಿಐ ಆಪ್‌ನ ಪ್ರೊಫೈಲ್‌ಗೆ ಹೋಗಿ ಆಟೋಪೇ ಪಟ್ಟಿಯಲ್ಲೇ ಒಂದೊಂದನ್ನೂ ರದ್ದು ಮಾಡಬೇಕು. 15,000 ರೂಪಾಯಿಯೊಳಗಿನ ಕಂತಿಗೆ ಪ್ರತಿ ಸಲ ಪಿನ್ ಕೇಳೋದಿಲ್ಲ ಅನ್ನೋದು ನೆನಪಿರಲಿ.

ಅಮ್ಮನಿಗೆ ಬಾಯಿಪಾಠ ಮಾಡಿಸಬೇಕಾದ್ದು ಇಷ್ಟು: ಪಿನ್ ಒತ್ತೋದು ದುಡ್ಡು ಕೊಡೋಕೆ, ಇಲ್ಲವೇ ಬ್ಯಾಲೆನ್ಸ್ ನೋಡೋಕೆ. ದುಡ್ಡು ಬರೋಕೆ ಪಿನ್ ಬೇಡವೇ ಬೇಡ. ಸ್ಕ್ಯಾನ್ ಮಾಡಿದ ಮೇಲೆ ಬರೋ ಹೆಸರನ್ನು ಅಂಗಡಿಯವರಿಗೆ ಓದಿ ಹೇಳಿ, ಅವರು ಹೌದು ಅಂದ ಮೇಲೆ ಮುಂದಿನ ಹೆಜ್ಜೆ.

ಮೋಸದಿಂದ ದುಡ್ಡು ಹೋಗಿಬಿಟ್ಟರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಮಕ್ಕಳಿಗೆ. ದುಡ್ಡು ಮುಂದಿನ ಖಾತೆಗಳಿಗೆ ಹಂಚಿಹೋಗೋ ಮುಂಚೆ ತಡೆಹಿಡಿಯಲು ಸಾಧ್ಯವಾಗೋದು ಬೇಗ ತಿಳಿಸಿದಾಗ ಮಾತ್ರ. ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ ಪಿನ್ ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು.

ಲೆಕ್ಕಪತ್ರ:

ಗೃಹಲಕ್ಷ್ಮಿ ವಿಷಯ. ಆ ಹಣ ಅಕೌಂಟ್ ನಂಬರ್ ನೋಡಿ ಬರೋದಲ್ಲ, ಆಧಾರ್ ನೋಡಿ ಬರೋದು. ಒಂದು ಆಧಾರ್‌ಗೆ ಎನ್‌ಪಿಸಿಐ ಪಟ್ಟಿಯಲ್ಲಿ ಒಂದೇ ಬ್ಯಾಂಕ್ ಇರುತ್ತದೆ, ಕೊನೆಯದಾಗಿ ಜೋಡಿಸಿದ್ದು. ನಿಮ್ಮ ಅಮ್ಮನದ್ದು ಬಹುಶಃ ಕೆನರಾ ಖಾತೆಗೆ ಜೋಡಣೆಯಾಗಿದೆ. ಮೈಆಧಾರ್ ಪೋರ್ಟಲ್‌ಗೆ ಅವರ ಆಧಾರ್ ಮತ್ತು ಒಟಿಪಿ ಹಾಕಿ ಒಳಹೋಗಿ, "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ಒತ್ತಿದರೆ ಬ್ಯಾಂಕಿನ ಹೆಸರು, ಜೋಡಿಸಿದ ದಿನಾಂಕ, ಚಾಲ್ತಿಯಲ್ಲಿದೆಯಾ ಅನ್ನೋದು ಬರುತ್ತದೆ.

ಅದು ಕೆನರಾ ಅಂತಿದ್ದರೆ ಅಲ್ಲೇ ಬರಲಿ ಬಿಡಿ, ಉಳಿತಾಯವಾಗುತ್ತದೆ. ಖರ್ಚಿನ ಖಾತೆಗೇ ಬರಬೇಕು ಅಂತ ಅಮ್ಮ ಅಂದರೆ ಗ್ರಾಮೀಣ ಬ್ಯಾಂಕಿನ ಶಾಖೆಯಲ್ಲಿ ಆಧಾರ್ ಸೀಡಿಂಗ್ ಅರ್ಜಿ ಕೊಡಿ. ಬದಲಾಯಿಸಿದರೆ ಪಿಂಚಣಿ, ಗ್ಯಾಸ್ ಸಬ್ಸಿಡಿ ಸೇರಿ ಆಧಾರ್ ಮೂಲಕ ಬರೋದೆಲ್ಲ ಅಲ್ಲಿಗೇ ತಿರುಗುತ್ತದೆ, ಆಮೇಲೆ ಆ ಖಾತೆಯಲ್ಲಿ ಮೊತ್ತ ಬೆಳೆಯದಂತೆ ನೋಡಿಕೊಳ್ಳಬೇಕಾಗುತ್ತದೆ.