ಅಪ್ಪನ ನೆಗೆಟಿವ್ ಡಬ್ಬಿ: ಯಾವ ಸ್ಕ್ಯಾನರ್ ತಗೊಳ್ಳಲಿ?

ಕೊಪ್ಪಳದಿಂದ, ಕೇಳಿದವರು:
ಅಪ್ಪನ ಟ್ರಂಕಿನಲ್ಲಿ ಒಂದು ಬಿಸ್ಕತ್ ಡಬ್ಬಿ ಸಿಕ್ಕಿದೆ. ತುಂಬಾ ನೆಗೆಟಿವ್‌ಗಳು. 35 ಎಂಎಂ ಕಲರ್ ಪಟ್ಟಿಗಳೇ 800 ಫ್ರೇಮ್ ದಾಟುತ್ತವೆ. ಜೊತೆಗೆ ಅಗ್ಫಾ ಕ್ಲಿಕ್ 3 ಕ್ಯಾಮೆರಾದ ದೊಡ್ಡ ಚೌಕದ ಕಪ್ಪು-ಬಿಳುಪು 40. ಡ್ಯಾಂ ಗಾರ್ಡನ್, ಗವಿಮಠದ ಜಾತ್ರೆ, ಅಕ್ಕನ ತೊಟ್ಟಿಲು ಎಲ್ಲಾ ಇವೆ. ಪ್ರಿಂಟರ್ ಮೇಲಿನ ಸ್ಕ್ಯಾನರಿನಲ್ಲಿ ಇಟ್ಟರೆ ಬರೀ ಕಪ್ಪು ಪಟ್ಟಿ ಬರುತ್ತದೆ. ಏನು ಕೊಳ್ಳಲಿ? ತಮ್ಮನ ಹತ್ತಿರ ಡಿಎಸ್ಎಲ್ಆರ್ ಇದೆ, ಕಿಟ್ ಲೆನ್ಸ್ ಮಾತ್ರ.

ಬಳ್ಳಾರಿಯಿಂದ:
ಪ್ರಿಂಟರಿನದು ತಪ್ಪಿಲ್ಲ ಬಿಡಿ. ಕಾಗದದ ಮೇಲೆ ಬೆಳಕು ಬಿದ್ದು ವಾಪಸ್ ಬರಬೇಕು. ನೆಗೆಟಿವ್ ಆದರೆ ಬೆಳಕು ಅದರೊಳಗಿಂದ ಹಾಯ್ದು ಬರಬೇಕು. ಅದಕ್ಕೆ ಮುಚ್ಚಳದಲ್ಲೂ ಲೈಟ್ ಇರುವ ಸ್ಕ್ಯಾನರ್ ಬೇಕು. ನಾನು ಎಪ್ಸನ್ ವಿ600 ಸೆಕೆಂಡ್ ಹ್ಯಾಂಡ್ ತಗೊಂಡೆ. ಆರಾರು ಫ್ರೇಮಿನ ಎರಡು ಪಟ್ಟಿ ಒಮ್ಮೆಗೆ ಕೂರುತ್ತವೆ. ಇನ್ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ಅಳಿಸುವ ‘ಐಸ್’ ಅನ್ನುವ ಸೌಲಭ್ಯ ಹಾಕಿದರೆ ಆ 12 ಫ್ರೇಮಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಾಕಿ ಅಡುಗೆಮನೆಗೆ ಹೋಗಿಬಿಡುತ್ತೇನೆ.

ಡಬ್ಬದ ಮೇಲೆ 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಅಂತ ಬರೆದಿದೆ. ನಂಬಬೇಡಿ. ನಿಜವಾಗಿ ಸಿಗುವ ವಿವರ ಸುಮಾರು 1500ರಷ್ಟು. ಅಂದರೆ 36 ಎಂಎಂ ಅಗಲದ ಫ್ರೇಮಿಗೆ 3 ಮೆಗಾಪಿಕ್ಸೆಲ್. ನಾಲ್ಕು-ಆರು ಇಂಚಿನ ಪ್ರಿಂಟಿಗೆ, ಮನೆಯವರ ವಾಟ್ಸಾಪಿಗೆ ಸಾಕು. ಗೋಡೆಗೆ ಹಾಕಲು ಸಾಲದು. ನಿಮ್ಮ ಕ್ಲಿಕ್ 3 ಚೌಕಗಳ ಲೆಕ್ಕ ಬೇರೆ. ಅವು ಸುಮಾರು 56 ಎಂಎಂ ಇರುತ್ತವೆ, ಇದೇ ಸ್ಕ್ಯಾನರಿನಲ್ಲಿ 10 ಮೆಗಾಪಿಕ್ಸೆಲ್ ದಾಟುತ್ತವೆ. ಅವಕ್ಕೆ ಇದೇ ಸರಿ.

ರಾಯಚೂರಿನಿಂದ:
ನನ್ನದು ಪ್ಲಸ್‌ಟೆಕ್ 8200ಐ, ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರ್. ಹೇಳುವುದು 7200, ನಿಜಕ್ಕೆ 3200ರ ಸುತ್ತ. ಆದರೂ ವಿ600 ಥರದ, ಗಾಜಿನ ಮೇಲಿಡುವ ಫ್ಲಾಟ್‌ಬೆಡ್‌ಗಿಂತ ಬಹಳ ಚೂಪು. ಕೊರತೆ ಎರಡು. 35 ಎಂಎಂ ಬಿಟ್ಟು ಬೇರೆ ಹಿಡಿಸುವುದಿಲ್ಲ. ಒಂದೊಂದೇ ಫ್ರೇಮ್ ಕೈಯಿಂದ ತಳ್ಳಬೇಕು. 800 ಫ್ರೇಮ್ ಅಂದರೆ ಬೆರಳು ನೋಯುತ್ತವೆ ಅಕ್ಕಾರೆ. 8100 ಸ್ವಲ್ಪ ಅಗ್ಗ ಅಂತ ಅದಕ್ಕೆ ಹೋಗಬೇಡಿ, ಅದರಲ್ಲಿ ಇನ್ಫ್ರಾರೆಡ್ ಇಲ್ಲ. ನಮ್ಮ ಕಡೆಯ ಧೂಳಿಗೆ ಅದು ಬೇಕೇ ಬೇಕು.

ಆದರೆ ಕಪ್ಪು-ಬಿಳುಪಿಗೆ ಅದನ್ನು ಆಫ್ ಮಾಡಿ. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಇನ್ಫ್ರಾರೆಡ್ ಸರಾಗ ಹಾಯುತ್ತದೆ, ಧೂಳು ಮಾತ್ರ ಅಡ್ಡ ನಿಲ್ಲುತ್ತದೆ. ಹಾಗಾಗಿ ಯಂತ್ರಕ್ಕೆ ಧೂಳು ಯಾವುದು ಅಂತ ತಿಳಿಯುತ್ತದೆ. ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿಯೂ ಅಡ್ಡ ನಿಲ್ಲುತ್ತದೆ. ನಾನು ಇದು ಗೊತ್ತಿಲ್ಲದೆ ಅಜ್ಜಿಯ ಫೋಟೋ ಹಾಕಿದೆ. ಮೂಗುತಿಯನ್ನೇ ಧೂಳು ಅಂತ ಒರೆಸಿಬಿಟ್ಟಿತು!

ಗಂಗಾವತಿಯಿಂದ:
ಚಿಕ್ಕ ಪರದೆ ಇರುವ, 22 ಮೆಗಾಪಿಕ್ಸೆಲ್ ಅಂತ ಮಾರುವ ಪೆಟ್ಟಿಗೆಗಳು ಬರುತ್ತವಲ್ಲ, ಒಂದು ತಂದಿದ್ದೆ. ಒಳಗಿರುವುದು ಒಂದು ಸಣ್ಣ ಕ್ಯಾಮೆರಾ, ಅಷ್ಟೇ. ಫ್ರೇಮಿಗೆ ಐದು ಸೆಕೆಂಡ್. ಬಿಳಿ ಪಂಚೆಯೆಲ್ಲಾ ಸುಣ್ಣ ಬಳಿದ ಹಾಗೆ. ಯಾವ ಫ್ರೇಮಿನಲ್ಲಿ ಏನಿದೆ ಅಂತ ಆರಿಸಲು ಮಾತ್ರ ಬಳಸುತ್ತೇನೆ.

ಸಿಂಧನೂರಿನಿಂದ:
ಮದುವೆ ಫೋಟೋ ನನ್ನ ಕೆಲಸ. ಡಿಎಸ್ಎಲ್ಆರ್ ಮನೆಯಲ್ಲೇ ಇದ್ದರೆ ಸ್ಕ್ಯಾನರ್ ಯಾಕೆ? ಕಿಟ್ ಲೆನ್ಸ್ ಆಗುವುದಿಲ್ಲ, ಅದು ಅಷ್ಟು ಹತ್ತಿರ ಹೋಗದು. ಮ್ಯಾಕ್ರೋ ಲೆನ್ಸ್ ಬಾಡಿಗೆಗೆ ತನ್ನಿ. ಇಲ್ಲವೇ 50 ಎಂಎಂ ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಬಳೆ) ಹಾಕಿ. ಕೆಳಗೆ ಎಲ್ಇಡಿ ಲೈಟ್ ಪ್ಯಾಡ್, ಸಿಆರ್‌ಐ 95ರ ಮೇಲಿರುವುದು (ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ ಅದು). ಮೊಬೈಲ್ ಪರದೆ ಇಡಬೇಡಿ, ಅದರ ಚುಕ್ಕಿಗಳು ಫೋಟೋಕ್ಕೆ ಬರುತ್ತವೆ. ಫ್ರೇಮಿನ ಸುತ್ತ ಕಪ್ಪು ರಟ್ಟು ಮುಚ್ಚಿ. ಎಫ್ 8, ಐಎಸ್ಒ 100, ಎರಡು ಸೆಕೆಂಡ್ ಟೈಮರ್, ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಫೈಲ್). ಕಿತ್ತಳೆ ಛಾಯೆ ತೆಗೆದು ಬಣ್ಣ ತಿರುಗಿಸಲು ಕಂಪ್ಯೂಟರಿನ ಸಾಫ್ಟ್‌ವೇರ್ ಡಾರ್ಕ್‌ಟೇಬಲ್‌ನಲ್ಲಿ ನೆಗಡಾಕ್ಟರ್ ಅನ್ನುವ ಸಲಕರಣೆ ಇದೆ, ಪುಕ್ಕಟೆ.

ಫ್ಯಾನ್ ಮಾತ್ರ ನಿಲ್ಲಿಸಲೇಬೇಕು. ಪಟ್ಟಿ ಅಲುಗುತ್ತದೆ, ಧೂಳು ಏಳುತ್ತದೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಫ್ಯಾನ್ ಇಲ್ಲದೆ ಕೂತರೆ ಬೆವರು ನೆಗೆಟಿವ್ ಮೇಲೇ ಬೀಳುತ್ತದೆ. ನಾನು ಬೆಳಗಿನ ಐದಕ್ಕೆ ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಅರ್ಧ ಗಂಟೆ ಬಿಟ್ಟು ಶುರು ಮಾಡುತ್ತೇನೆ. ಈ ದಾರಿಯಲ್ಲಿ ಇನ್ಫ್ರಾರೆಡ್ ಇಲ್ಲ ನೋಡಿ, ಧೂಳನ್ನು ಬ್ಲೋವರಿನಿಂದ ನೀವೇ ಊದಬೇಕು. ಬಾಯಿಂದ ಊದಬೇಡಿ.

ಬಳ್ಳಾರಿಯಿಂದ, ಮತ್ತೆ:
ಒಂದು ಬಿಟ್ಟಿದ್ದೆ. ಮಂಕಾದ ಬದಿ ಯಾವುದು, ಹೊಳೆಯುವ ಬದಿ ಯಾವುದು ನೋಡಿ ಇಡಿ. ಅದಲು ಬದಲಾದರೆ ಸೆರಗು ಬಲಭುಜಕ್ಕೆ ಹೋಗುತ್ತದೆ.

ರಾಯಚೂರಿನಿಂದ:
ನಮ್ಮ ಅಜ್ಜಿ ಬಲಸೆರಗೇ ಹಾಕುತ್ತಿದ್ದರು. ಸೆರಗು ನಂಬಬೇಡಿ, ಪಟ್ಟಿಯ ಅಂಚಿನ ಅಕ್ಷರ ಓದಿ. ಅವು ನೆಟ್ಟಗೆ ಬಂದರೆ ಫೋಟೋ ನೆಟ್ಟಗೆ. ಇನ್ನೊಂದು, ಕೊಳ್ಳುವ ಮೊದಲು ಡಬ್ಬಿ ಮೂಸಿ ನೋಡಿ. ಗೋಬಿ ಮಂಚೂರಿ ಗಾಡಿಯ ವಿನೆಗರ್ ವಾಸನೆ ಬಂದರೆ ಫಿಲ್ಮು ಕೊಳೆಯುತ್ತಿದೆ ಅಂತ. ಅಂಥವನ್ನು ಬೇರೆ ಇಟ್ಟು ಮೊದಲು ಮುಗಿಸಿ. ಬೂಷ್ಟು ಹಿಡಿದಿದ್ದರೆ ನೀರು ತಾಗಿಸಬೇಡಿ, ಚಿತ್ರದ ಪದರವೇ ಕರಗಿ ಹೋಗುತ್ತದೆ.

ಕೊಪ್ಪಳದಿಂದ, ಕೇಳಿದವರು:
ಮೂಸಿದೆ. ಎರಡು ಸುರುಳಿ ವಾಸನೆ ಹೊಡೆಯುತ್ತಿವೆ, ಒಂದು ಅಕ್ಕನ ತೊಟ್ಟಿಲಿನದೇ. ಕಲರ್‌ಗೆ ಮ್ಯಾಕ್ರೋ ಬಾಡಿಗೆಗೆ ತರಲು ತಮ್ಮನಿಗೆ ಹೇಳಿದ್ದೇನೆ. ಬಳ್ಳಾರಿ ಅಣ್ಣಾ, ಆ 40 ಚೌಕಗಳನ್ನು ತಗೊಂಡು ಭಾನುವಾರ ನಿಮ್ಮ ಮನೆಗೆ ಬರಲಾ? ಮಿರ್ಚಿ ನಮ್ಮ ಕಡೆಯಿಂದ.