ಕಿಲುಬೋ ತುಕ್ಕೋ? ಹಳೆಯ ಕಾರಿನ ಸೆನ್ಸರ್ ಕುರಿತು ಬರೆಯುವಾಗ ಎದ್ದ ಪ್ರಶ್ನೆ

ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವ ‘ಕಿಲುಬು’ ಎಂಬ ಪದವನ್ನು ಕಾರಿನ ಬಿಡಿಭಾಗಗಳ ಕುರಿತು ಬರೆಯುವಾಗಲೂ ಬಳಸಬಹುದೇ? ಅಥವಾ ಎಲ್ಲ ಲೋಹಕ್ಕೂ ‘ತುಕ್ಕು’ ಎಂದೇ ಬರೆಯಬೇಕೇ? ಕಾರವಾರದ ಟ್ಯಾಕ್ಸಿ ಚಾಲಕರಿಗಾಗಿ ಹಳೆಯ ಕಾರುಗಳ ಆರೈಕೆಯ ಕಿರುಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಈ ಒಂದು ಪದದಲ್ಲಿ ಕೈ ನಿಂತಿದೆ.

ಪದ ಸಿಕ್ಕಿದ್ದು ನನ್ನದೇ ಕಾರಿನ ದೆಸೆಯಿಂದ. ಅದು 2003ರದು. ಒಂದು ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿ ತಲುಪುವಷ್ಟರಲ್ಲಿ ಕಪ್ಪು ಹೊಗೆ ಬರತೊಡಗಿತು, ಪೆಟ್ರೋಲ್ ಮುಳ್ಳು ಸರಸರನೆ ಇಳಿಯಿತು. ಚಹಾಕ್ಕೆಂದು ನಿಲ್ಲಿಸಿದ ಮೇಲೆ ಬಿಸಿ ಎಂಜಿನ್ ಬೇಗ ಚಾಲೂ ಆಗಲೇ ಇಲ್ಲ. ಕಾರವಾರಕ್ಕೆ ಮರಳಿದಾಗ ಮೆಕ್ಯಾನಿಕ್, ಎಂಜಿನ್ ತಣಿಸುವ ನೀರಿನ (ಕೂಲೆಂಟ್) ಬಿಸಿ ಅಳೆಯುವ ಸೆನ್ಸರಿನ ಕಪ್ಲರ್, ಅಂದರೆ ತಂತಿಯನ್ನು ಅದಕ್ಕೆ ಜೋಡಿಸುವ ಕೊಂಡಿ, ಕಳಚಿ ನನ್ನ ಮುಂದೆ ಹಿಡಿದರು. “ಅಕ್ಕೋರೇ, ಸೆನ್ಸರ್ ಹೋಗಿಲ್ಲ. ಕಪ್ಲರಿಗೆ ಕಿಲುಬು ಹತ್ತಿದೆ ನೋಡಿ” ಎಂದರು. ಅಕ್ಕಿಕಾಳಿನಷ್ಟು ಸಣ್ಣ ಎರಡು ಸಂಪರ್ಕಗಳ ಸುತ್ತ ಪುಡಿ ಕೂತಿತ್ತು. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತದ ನೀಲಿಯನ್ನು ನೆನಪಿಸುವ ಹಸಿರು ಬಣ್ಣ. ಎರಡರಲ್ಲೂ ಇರುವುದು ತಾಮ್ರವೇ.

ಆ ಕಿಲುಬಿನ ಕೆಲಸವನ್ನು ವಿವರಿಸಬೇಕು, ಏಕೆಂದರೆ ಪದದ ಆಯ್ಕೆಯೂ ಅದರ ಮೇಲೆ ನಿಂತಿದೆ. ಈ ಬಗೆಯ ಸೆನ್ಸರಿನ ವಿದ್ಯುತ್ ರೋಧ ನೀರು ತಣ್ಣಗಿದ್ದಾಗ ಹೆಚ್ಚು, ಕಾದಾಗ ಕಡಿಮೆ: ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಕಿಲುಬು ತನ್ನದೊಂದು 300 ಓಮ್ ಸೇರಿಸಿದರೆ ಕಾದ ನೀರನ್ನೂ ಎಂಜಿನ್ನಿನ ಕಂಪ್ಯೂಟರ್ 60 ಡಿಗ್ರಿಯ ಆಸುಪಾಸಿನದೆಂದು ತಿಳಿದು, ಎಂಜಿನ್ ಇನ್ನೂ ಪೂರ್ತಿ ಕಾದಿಲ್ಲವೆಂದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಇಂಥ ಕಡೆ ‘ತುಕ್ಕು’ ಎಂದು ಬರೆದರೆ ಓದುವವನು ಕೆಂಪು ಕಲೆಯನ್ನು ಹುಡುಕುತ್ತಾನೆ, ಹಸಿರು ಪುಡಿಯನ್ನು ಕಂಡೂ ಬಿಟ್ಟುಬಿಡುತ್ತಾನೆ. ‘ನಶಿಸುವಿಕೆ’ ಎಂದರಂತೂ ಕಣ್ಣಿಗೆ ಏನೂ ಕಟ್ಟುವುದಿಲ್ಲ.

ಇದರ ಜೊತೆಗೆ ಇನ್ನೊಂದು ಪದವೂ ತಾನಾಗಿ ಬಂತು: ಕಲಾಯಿ. ಕಪ್ಲರಿನೊಳಗಿನ ಸಂಪರ್ಕಗಳು ಬಹುಮಟ್ಟಿಗೆ ತವರದ ಲೇಪ ಹಚ್ಚಿದ ತಾಮ್ರದ ಮಿಶ್ರಲೋಹದವು. ಹಿತ್ತಾಳೆ ಪಾತ್ರೆಯ ಒಳಮೈಗೆ ಹಚ್ಚುವುದೂ ತವರವೇ. ಎಂಜಿನ್ನಿನ ಅದುರಿಗೆ ಉಜ್ಜಿ ಉಜ್ಜಿ ಕಲಾಯಿ ಸವೆಯುತ್ತದೆ, ಕಡಲ ಉಪ್ಪುಗಾಳಿ ತಾಗುತ್ತದೆ, ಕಿಲುಬು ಏಳುತ್ತದೆ. ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: “ಎಂಜಿನ್ ಪೂರ್ತಿ ತಣಿದ ಮೇಲೆ ಸೆನ್ಸರ್ ಬಿಚ್ಚಿ, ವಾಷರ್ ಹೊಸದನ್ನೇ ಹಾಕಿ, ಹಿತ್ತಾಳೆಯ ತಿರುಪನ್ನು ಅತಿಯಾಗಿ ಬಿಗಿಯಬೇಡಿ, ಕಡಿಮೆಯಾದ ಕೂಲೆಂಟ್ ತುಂಬಿಸಿ. ಕಪ್ಲರಿನ ಕಲಾಯಿ ಹೋಗಿ ಕಿಲುಬು ಹಿಡಿದಿದ್ದರೆ ಹೊಸ ಸೆನ್ಸರಿನಿಂದಲೂ ದೋಷ ನೀಗುವುದಿಲ್ಲ.”

ಅಡುಗೆಮನೆಯ ಪದ ತಂದರೆ ಅಡುಗೆಮನೆಯ ಮದ್ದೂ ನೆನಪಾದೀತು ಎಂಬ ಅಳುಕು ನನಗಿದೆ. ಹುಣಸೆಹಣ್ಣಿನಲ್ಲಿ ತಂಬಿಗೆಯನ್ನು ಬೆಳಗಿದಂತೆ ಕಪ್ಲರನ್ನು ಬೆಳಗಬಾರದು. ಹುಳಿ ಒಳಗೆ ಉಳಿದರೆ ಲೋಹವನ್ನು ಮತ್ತೆ ತಿನ್ನುತ್ತದೆ. ವಿದ್ಯುತ್ ಸಂಪರ್ಕಗಳಿಗೆಂದೇ ಸಿಗುವ ಸ್ಪ್ರೇ ಬಳಸಿ, ಪೂರ್ತಿ ಒಣಗಿಸಬೇಕು.

ಕ್ರಿಯಾಪದದ ವಿಷಯದಲ್ಲಿ ಬಲ್ಲವರ ನೆರವು ಬೇಕು. ಮೆಕ್ಯಾನಿಕ್ ‘ಕಿಲುಬು ಹತ್ತಿದೆ’ ಎಂದರು, ನನ್ನ ಬಾಯಿಗೆ ‘ಹಿಡಿದಿದೆ’ ಬರುತ್ತದೆ, ಶಿರಸಿಯ ನಮ್ಮ ಅತ್ತೆ ‘ಏಳುತ್ತದೆ’ ಎನ್ನುತ್ತಾರೆ. ಕಲಾಯಿ ಹೋದ ಪಾತ್ರೆಯಲ್ಲಿಟ್ಟ ಮಜ್ಜಿಗೆಗೆ ಅವರು ‘ಕಿಲುಬಿದೆ’ ಎಂದೇ ಹೇಳುವುದರಿಂದ ಪದ ಅಲ್ಲಿ ನೇರವಾಗಿ ಕ್ರಿಯೆಯೂ ಆಗಿದೆ. ‘ಕಪ್ಲರ್ ಕಿಲುಬಿದೆ’ ಎಂದು ಬರೆದರೆ ಬೇರೆ ಜಿಲ್ಲೆಗಳವರಿಗೆ ಸಹಜವೆನಿಸುತ್ತದೆಯೇ, ಅಥವಾ ಅದು ಪಾತ್ರೆಯಲ್ಲಿಟ್ಟ ಪದಾರ್ಥಕ್ಕೆ ಮಾತ್ರ ಸಲ್ಲುವ ಮಾತೇ?

‘ಸಂವೇದಕ’ವನ್ನು ನಾನು ಕೈಬಿಟ್ಟು ‘ಸೆನ್ಸರ್’ ಉಳಿಸಿಕೊಂಡಿದ್ದೇನೆ. ಅದನ್ನು ‘ಸೆನ್ಸಾರ್’ ಎಂದು ದೀರ್ಘ ಹಾಕಿ ಬರೆಯುವುದು ಮಾತ್ರ ಬೇಡ. ಅದು ಚಲನಚಿತ್ರಕ್ಕೆ ಕತ್ತರಿ ಹಾಕುವ ಕೆಲಸದ ಹೆಸರು. ನಿಮ್ಮ ಊರಿನ ಗ್ಯಾರೇಜುಗಳಲ್ಲಿ ಈ ಹಸಿರು ಪುಡಿಗೆ ಏನೆನ್ನುತ್ತಾರೆ, ದಯವಿಟ್ಟು ತಿಳಿಸಿ.